ಬಯಲಿಗೆ ಬಿಡುವ ಮುನ್ನ

1939ನೆಯ ಇಸವಿಯ ಫೆಬ್ರವರಿ 14ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾಂಟಾ ಅನಿತಾ ಪಂದ್ಯದ ಮೈದಾನದಲ್ಲಿ ಓಡುತ್ತಿದ್ದ ಸೀಬಿಸ್ಕಿಟ್ ಎಂಬ ಕುದುರೆಯು, ಹಿಂದಿನ ನವೆಂಬರಿನಲ್ಲಷ್ಟೇ ವಾರ್ ಅಡ್ಮಿರಲ್‌ನಂಥ ಪ್ರಖ್ಯಾತ ಅಶ್ವವನ್ನು ಸೋಲಿಸಿ ದೇಶದ ಜನರೆಲ್ಲರ ಕಣ್ಮಣಿಯಾಗಿದ್ದ ಆ ಕುದುರೆಯು, ಎಡ ಮುಂಗಾಲಿನ ಅಸ್ಥಿರಜ್ಜು ಹರಿದು ಕುಂಟತೊಡಗಿತು. ಅದರ ಓಟದ ದಿನಗಳು ಮುಗಿದವೆಂದೇ ಬಹುಮಂದಿ ಬಗೆದರು. ಅದರ ಸವಾರನಾದ ರೆಡ್ ಪೊಲಾರ್ಡನೂ ಆ ವೇಳೆಗೆ ಕಾಲು ಮುರಿದುಕೊಂಡು ಕೆಲಸವಿಲ್ಲದೆ ಕುಳಿತಿದ್ದನು. ಒಡೆಯನಾದ ಚಾರ್ಲ್ಸ್ ಹೊವಾರ್ಡನ ರಿಜ್‌ವುಡ್ ಎಂಬ ವಿಶಾಲವಾದ ಜಮೀನಿನಲ್ಲಿ ಇವರಿಬ್ಬರೂ ಜೊತೆಜೊತೆಯಾಗಿಯೇ ಚೇತರಿಸಿಕೊಂಡರು. ಮೊದಲು ಬರಿಯ ನಡಿಗೆ, ಅನಂತರ ಸವಾರನನ್ನು ಹೊತ್ತ ನಡಿಗೆ, ಬಹುದಿನಗಳ ಮೇಲೆ ಮೆಲ್ಲನೆಯ ಓಟ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಆ ಕುದುರೆಯು 1940ನೆಯ ಮಾರ್ಚ್ 2ರಂದು ಅದೇ ಮೈದಾನದಲ್ಲಿ ಸ್ಯಾಂಟಾ ಅನಿತಾ ಹ್ಯಾಂಡಿಕ್ಯಾಪ್ ಪಂದ್ಯವನ್ನು ಗೆದ್ದಿತು. ಆ ಗೆಲುವನ್ನು ಲೋಕವು ಇಂದಿಗೂ ಕೊಂಡಾಡುತ್ತದೆ; ಆದರೆ ಕುದುರೆಯನ್ನು ಸಾಕುವವನು ಕಲಿಯಬೇಕಾದ ಪಾಠವಿರುವುದು ಆ ಎರಡು ದಿನಾಂಕಗಳ ನಡುವಣ ಹನ್ನೆರಡು ತಿಂಗಳುಗಳಲ್ಲಿ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ವೃತ್ತಾಂತವುಂಟು. 1975ನೆಯ ಇಸವಿಯ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ, ಅಲ್ಲಿಯವರೆಗೆ ಸೋಲೆಂಬುದನ್ನೇ ಅರಿಯದಿದ್ದ ರಫಿಯನ್ ಎಂಬ ಹೆಣ್ಣುಕುದುರೆಯು ಪಂದ್ಯದ ನಡುವೆ ಬಲ ಮುಂಗಾಲಿನ ಮೂಳೆಯನ್ನು ಮುರಿದುಕೊಂಡಿತು. ವೈದ್ಯರು ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆ ನಡೆಸಿ, ಕಾಲಿಗೆ ಭದ್ರವಾದ ಕಟ್ಟು ಹಾಕಿದರು. ಆದರೆ ಅರಿವಳಿಕೆಯ ಮಂಪರು ಇಳಿದು ಎಚ್ಚರಗೊಳ್ಳುತ್ತಿದ್ದಂತೆಯೇ, ತಾನಿನ್ನೂ ಪಂದ್ಯದಲ್ಲಿಯೇ ಇರುವೆನೋ ಎಂಬಂತೆ ಅದು ಕಾಲುಗಳನ್ನು ಝಾಡಿಸತೊಡಗಿ, ಹಾಕಿದ್ದ ಕಟ್ಟನ್ನೂ ಕೂಡಿಸಿದ್ದ ಮೂಳೆಯನ್ನೂ ಕೆಡಿಸಿಕೊಂಡಿತು. ದಯಾಮರಣವಲ್ಲದೆ ಬೇರೆ ಮಾರ್ಗವೇ ಉಳಿಯಲಿಲ್ಲ. ವೈದ್ಯನ ಕೈಚಳಕಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಆ ಜೀವವನ್ನು ಬಲಿಗೊಂಡದ್ದು ಓಡಬೇಕೆಂಬ ಅದರ ಹುಟ್ಟುಗುಣ.

ಈ ಎರಡು ವೃತ್ತಾಂತಗಳನ್ನು ಒಂದರ ಪಕ್ಕದಲ್ಲಿ ಮತ್ತೊಂದನ್ನಿಟ್ಟು ನೋಡಿದಾಗ ಒಂದು ಸತ್ಯವು ನಿಚ್ಚಳವಾಗುತ್ತದೆ. ಗಾಯವು ಕುದುರೆಯ ಕಾಲಿನಲ್ಲಿರುತ್ತದೆ. ಅಪಾಯವಾದರೋ ಅದರ ಸ್ವಭಾವದಲ್ಲಿರುತ್ತದೆ. ತಿಂಗಳುಗಟ್ಟಲೆ ಲಾಯದಲ್ಲಿ ನಿಂತು ಗಾಯ ಮಾಯಿಸಿಕೊಂಡ ಕುದುರೆಯನ್ನು ಮರಳಿ ಬಯಲಿಗೆ ಬಿಡುವ ದಿನವು ಒಡೆಯನಿಗೂ, ಅದನ್ನು ನೋಡಿಕೊಂಡ ಸೈಸನಿಗೂ ಹಬ್ಬದಂಥ ದಿನವೆಂಬುದು ನಿಜ. ಆದರೆ ಅಷ್ಟು ಕಾಲದ ಶುಶ್ರೂಷೆಯೆಲ್ಲವೂ ಅರೆಗಳಿಗೆಯಲ್ಲಿ ಮಣ್ಣುಪಾಲಾಗಬಹುದಾದ ದಿನವೂ ಅದೇ. ಬಯಲಿನ ಸ್ವಾತಂತ್ರ್ಯವನ್ನು ಔಷಧದಂತೆಯೇ ಮಾತ್ರೆಯರಿತು ಕೊಡತಕ್ಕದ್ದೆಂಬುದನ್ನು ಮನಗಂಡವನು ಮಾತ್ರವೇ ಈ ದಿನವನ್ನು ಸುಖವಾಗಿ ದಾಟಬಲ್ಲನು.

ಓಡಲೆಂದೇ ಒದಗಿದ ಶರೀರ

ಕುದುರೆಯು ಬೇಟೆಗೆ ಈಡಾಗುತ್ತಿದ್ದ ಪ್ರಾಣಿ. ಕೊಂಬಿಲ್ಲದ ಈ ಸಾಧುಜೀವಿಗೆ ಸಹಸ್ರಾರು ವರ್ಷಗಳಿಂದ ಓಟವೇ ಆಯುಧವಾಗಿತ್ತು. ಹಿಂಡಿನ ಸಹವಾಸವೇ ಕವಚವಾಗಿತ್ತು. ಬಯಲಿನಲ್ಲಿ ಸ್ವಚ್ಛಂದವಾಗಿರುವಾಗ ಅದು ದಿನದ ಅರ್ಧಕ್ಕಿಂತಲೂ ಹೆಚ್ಚು ಹೊತ್ತನ್ನು ಮೇಯುವುದರಲ್ಲಿಯೇ ಕಳೆಯುತ್ತದೆ, ಮೇಯುತ್ತಾ ಹೆಜ್ಜೆಹೆಜ್ಜೆಯಾಗಿ ಎಷ್ಟೋ ದೂರವನ್ನು ಕ್ರಮಿಸುತ್ತದೆ. ಅಂಥ ಪ್ರಾಣಿಯನ್ನು ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲಿಸಿದರೆ, ಚಲನೆಯ ಹಂಬಲವು ಅದರ ಮೈಯಲ್ಲಿ ಕೂಡುತ್ತಾ ಹೋಗುವುದು ಸಹಜವೇ ಸರಿ. ಬಾಗಿಲು ತೆರೆದ ಕ್ಷಣವೇ ಅದೆಲ್ಲವೂ ಒಮ್ಮೆಗೇ ಹೊರಚೆಲ್ಲುತ್ತದೆ: ಕುದುರೆಯು ನೆಗೆಯುತ್ತದೆ, ಹಿಂಗಾಲುಗಳನ್ನು ಗಾಳಿಗೆ ಒದೆಯುತ್ತದೆ, ಬೇಲಿಯವರೆಗೆ ಧಾವಿಸಿ ತಟಕ್ಕನೆ ನಿಂತು, ನಿಂತಲ್ಲಿಯೇ ಗಿರ್ರನೆ ತಿರುಗಿ ಮರಳಿ ಧಾವಿಸುತ್ತದೆ. ಹಾಗೆ ತಟಕ್ಕನೆ ನಿಲ್ಲುವ, ಗಿರ್ರನೆ ತಿರುಗುವ ಗಳಿಗೆಗಳಲ್ಲಿಯೇ ಹೊಸದಾಗಿ ಕೂಡಿದ ಅಂಗಾಂಶವು ಅತಿಯಾದ ಸೆಳೆತಕ್ಕೆ ಸಿಕ್ಕುವುದು.

ಇನ್ನು ಆ ಕಾಲಿನ ರಚನೆಯನ್ನಾದರೂ ನೋಡಿ. ನಾಲ್ಕೈದು ನೂರು ಕಿಲೋಗ್ರಾಂ ತೂಗುವ ದೇಹದ ಭಾರದಲ್ಲಿ ಸುಮಾರು ಐದರಲ್ಲಿ ಮೂರು ಪಾಲನ್ನು ಮುಂಗಾಲುಗಳೆರಡೇ ಹೊರುತ್ತವೆ. ನಾಗಾಲೋಟದಲ್ಲಿ ಒಂದು ಮುಂಗಾಲಿನ ಮೇಲೆ ಬೀಳುವ ಒತ್ತಡವು ಒಮ್ಮೊಮ್ಮೆ ಇಡೀ ದೇಹಭಾರದ ಎರಡೂವರೆ ಪಟ್ಟಿಗೆ ಏರುತ್ತದೆ. ಮೊಣಕಾಲಿನಿಂದ ಕೆಳಕ್ಕೆ ಮಾಂಸಖಂಡವೆಂಬುದು ಇಲ್ಲವೆಂದೇ ಹೇಳಬಹುದು: ಅಲ್ಲಿರುವುದು ಮೂಳೆ, ಚರ್ಮ, ಮತ್ತು ಅವುಗಳ ನಡುವೆ ಬಿಗಿದ ತಂತಿಗಳಂತಿರುವ ರಜ್ಜುಗಳು. ಪ್ರತಿ ಹೆಜ್ಜೆಗೂ ಹಿಗ್ಗಿ ಮತ್ತೆ ಕುಗ್ಗುವ ಈ ರಜ್ಜುಗಳ ಒಳತಿರುಳು ನಾಗಾಲೋಟದ ಕಾಲದಲ್ಲಿ 45 ಡಿಗ್ರಿ ಸೆಲ್ಸಿಯಸ್‌ನವರೆಗೂ ಬಿಸಿಯೇರುವುದುಂಟೆಂದು ವಿಜ್ಞಾನಿಗಳು ಅಳೆದು ಕಂಡಿದ್ದಾರೆ. ರಕ್ತಸಂಚಾರವೂ ಅಲ್ಲಿ ಅಲ್ಪವೇ ಆದುದರಿಂದ, ಒಮ್ಮೆ ಹರಿದ ಎಳೆಯು ಮತ್ತೆ ಕೂಡುವ ಕಾರ್ಯವು ಅತ್ಯಂತ ಮಂದಗತಿಯಲ್ಲಿ ಸಾಗುತ್ತದೆ.

ಮಾಯುವ ಕಾಲದ ಲೆಕ್ಕ

ರಜ್ಜುವಿನ ಗಾಯ ಮಾಯುವುದು ಮೂರು ಘಟ್ಟಗಳಲ್ಲಿ. ಮೊದಲ ಒಂದೆರಡು ವಾರಗಳು ಉರಿಯೂತದ ಕಾಲ. ಬಾವು, ಬಿಸಿ, ನೋವು ಇವು ಎದ್ದುಕಾಣುವುದರಿಂದ ಆಗ ಎಲ್ಲರೂ ಎಚ್ಚರದಲ್ಲಿಯೇ ಇರುತ್ತಾರೆ. ಅಲ್ಲಿಂದ ಮುಂದಿನ ಕೆಲವು ತಿಂಗಳುಗಳಲ್ಲಿ ಹೊಸ ಎಳೆಗಳು ಹುಟ್ಟಿ ಹರಿದ ಜಾಗವನ್ನು ತುಂಬುತ್ತವೆ. ಆದರೆ ಆ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ, ಇನ್ನೂ ಬಲವಿಲ್ಲದ ಎಳೆಗಳು. ಸುಮಾರು ಮೂರು ತಿಂಗಳ ಮೇಲೆ ಆರಂಭವಾಗಿ ಒಂದು ವರ್ಷದವರೆಗೆ, ಕೆಲವೊಮ್ಮೆ ಅದಕ್ಕೂ ಮೀರಿ ನಡೆಯುವ ಮೂರನೆಯ ಘಟ್ಟದಲ್ಲಿಯೇ ಅವು ಕಾಲಿನ ಸೆಳೆತದ ದಿಕ್ಕಿಗೆ ಅನುಗುಣವಾಗಿ ಸಾಲುಗೊಂಡು ಗಟ್ಟಿಯಾಗುವುದು. ಅಷ್ಟಾದರೂ ಮಾಯ್ದ ಭಾಗಕ್ಕೆ ಮೊದಲಿನ ಹಿಗ್ಗುಕುಗ್ಗಿನ ಗುಣವು ಪೂರ್ಣವಾಗಿ ಬರುವುದೇ ಇಲ್ಲ.

ಕಂಟಕವಿರುವುದು ಎರಡನೆಯ ಘಟ್ಟದಲ್ಲಿ. ಬಾವು ಇಳಿದಿದೆ, ಕುಂಟು ನಿಂತಿದೆ, ಕುದುರೆಯ ಕಣ್ಣಿನಲ್ಲಿ ಕಳೆ ಬಂದಿದೆ. ಆದರೆ ರಜ್ಜುವಿನೊಳಗಣ ಹೆಣಿಗೆ ಮಾತ್ರ ಇನ್ನೂ ಹಸಿಯಾಗಿಯೇ ಇದೆ. ಕುಂಟದಿರುವ ಕುದುರೆಯೆಲ್ಲವೂ ವಾಸಿಯಾದ ಕುದುರೆಯೆಂದು ತಿಳಿಯುವುದು ಈ ವಿಷಯದಲ್ಲಿ ಆಗುವ ಪ್ರಥಮ ಪ್ರಮಾದ. ಆದಕಾರಣವೇ ಪಶುವೈದ್ಯರು ಹೊರಗಣ ಲಕ್ಷಣಗಳನ್ನು ಮಾತ್ರವೇ ನಂಬದೆ, ಅಲ್ಟ್ರಾಸೌಂಡ್ ಯಂತ್ರದ ನೆರವಿನಿಂದ ಎಳೆಗಳ ಒಳಸಾಲನ್ನು ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಚಿತ್ರದಿಂದ ಚಿತ್ರಕ್ಕೆ ಹೋಲಿಸಿ, ಮುಂದಿನ ಮೆಟ್ಟಿಲಿಗೆ ಅನುಮತಿಯನ್ನು ಕೊಡುತ್ತಾರೆ. ರಜ್ಜುವು ತೀವ್ರವಾಗಿ ಹರಿದಿದ್ದರೆ ಆರೇಳು ತಿಂಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಬಯಲಿನ ಮಾತನ್ನೇ ಎತ್ತಕೂಡದೆಂದು ಅವರು ವಿಧಿಸುವುದು ಹುಸಿ ಅಂಜಿಕೆಯಿಂದಲ್ಲ.

ಗಾಯಗಳೆಲ್ಲಕ್ಕೂ ಒಂದೇ ಲೆಕ್ಕವಿಲ್ಲ. ಗೊರಸಿನೊಳಗೆ ಕೀವುಗಟ್ಟಿ ಕುಂಟಿದ ಕುದುರೆಯು, ಕೀವು ಹರಿದು ರಂಧ್ರವು ಒಣಗಿದ ಮೇಲೆ, ಕೆಲವೇ ದಿನಗಳಲ್ಲಿ ಬಯಲಿಗೆ ಹೋಗಬಹುದು. ಹೊಟ್ಟೆಶೂಲೆಗಾಗಿ ಉದರವನ್ನು ಸೀಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕುದುರೆಗೆ ಒಂದು ತಿಂಗಳು ಲಾಯ ಮತ್ತು ಕೈಹಿಡಿದ ನಡಿಗೆ, ಮತ್ತೊಂದು ತಿಂಗಳು ಪುಟ್ಟ ಆವರಣ, ಮೂರನೆಯ ತಿಂಗಳು ಬಯಲು, ಇದು ಸಾಮಾನ್ಯವಾಗಿ ಪಾಲಿಸುವ ಕ್ರಮ. ಹೊಲಿಗೆ ಹಾಕಿದ ಉದರದ ಪದರವು ಮೊದಲಿನ ಬಲವನ್ನು ಪಡೆಯಲು ಎರಡು ತಿಂಗಳಾದರೂ ಬೇಕಾಗುವುದೇ ಇದಕ್ಕೆ ಕಾರಣ.

ಮೂಳೆಯ ವಿಚಾರವು ಇನ್ನೂ ಸೂಕ್ಷ್ಮವಾದುದು. ಮೂಳೆಯು ತಾನು ಹೊರುವ ಭಾರಕ್ಕೆ ತಕ್ಕಂತೆ ಗಟ್ಟಿಗೊಳ್ಳುವ ಜೀವಂತ ಪದಾರ್ಥವಾದುದರಿಂದ, ಬಹುಕಾಲ ಭಾರವಿಲ್ಲದೆ ನಿಂತ ಕುದುರೆಯಲ್ಲಿ ಮುರಿದ ಮೂಳೆಯಷ್ಟೇ ಅಲ್ಲ, ಮುರಿಯದ ಮೂಳೆಗಳೂ ಸಾರವನ್ನು ಕಳೆದುಕೊಳ್ಳುತ್ತವೆ. ದೀರ್ಘವಿಶ್ರಾಂತಿಯಿಂದ ಮರಳಿದ ಪಂದ್ಯದ ಕುದುರೆಗಳಲ್ಲಿ, ಮೊದಲು ಗಾಯವೇ ಆಗಿರದ ತೋಳಿನ ಮೂಳೆಯು ಹಠಾತ್ತನೆ ಮುರಿದ ಪ್ರಸಂಗಗಳನ್ನು ಪಶುವೈದ್ಯರು ಗುರುತಿಸಿದ್ದಾರೆ. 1971ನೆಯ ಇಸವಿಯ ಇಂಗ್ಲೆಂಡಿನ ಡರ್ಬಿ ಪಂದ್ಯವನ್ನು ಗೆದ್ದ ಮಿಲ್ ರೀಫ್ ಎಂಬ ಕುದುರೆಯು ಮರುವರ್ಷದ ಆಗಸ್ಟ್ 30ರಂದು ಕಿಂಗ್ಸ್‌ಕ್ಲಿಯರಿನ ಅಭ್ಯಾಸದ ಬಯಲಿನಲ್ಲಿ ಎಡ ಮುಂಗಾಲನ್ನು ಮುರಿದುಕೊಂಡಾಗ, ಅಲ್ಲಿಯೇ ಶಸ್ತ್ರಚಿಕಿತ್ಸೆಯನ್ನು ಏರ್ಪಡಿಸಿ, ವಾರಗಟ್ಟಲೆ ಪ್ಲಾಸ್ಟರಿನಲ್ಲಿಟ್ಟು ಕಾಪಾಡಿದರು. ಆ ಕುದುರೆಯ ಶಾಂತಸ್ವಭಾವವು ವೈದ್ಯರಿಗೆ ಬಹು ದೊಡ್ಡ ಸಹಾಯವಾಯಿತೆಂಬುದು ಪ್ರಸಿದ್ಧವಾದ ಸಂಗತಿ. ಮತ್ತೆ ಪಂದ್ಯಕ್ಕಿಳಿಯದಿದ್ದರೂ ಅದು ಬದುಕಿತು, ಸಂತಾನವನ್ನು ಪಡೆಯಿತು. ಅದರ ಮಗನಾದ ಶರ್ಲಿ ಹೈಟ್ಸ್ 1978ರಲ್ಲಿ ತಂದೆಯಂತೆಯೇ ಡರ್ಬಿಯನ್ನು ಗೆದ್ದಿತು.

ಲಾಯವಾಸವೇ ಪೂರ್ವಸಿದ್ಧತೆ

ಬಯಲಿಗೆ ಬಿಡುವ ದಿನದ ಸಿದ್ಧತೆಯು ಲಾಯದಲ್ಲಿ ಕಟ್ಟಿದ ದಿನದಿಂದಲೇ ಆರಂಭವಾಗತಕ್ಕದ್ದು. ಅದರಲ್ಲಿ ಮೊದಲನೆಯದು ಆಹಾರ. ದಿನಂಪ್ರತಿ ಬೆವರು ಹರಿಯುವಂತೆ ದುಡಿಯುತ್ತಿದ್ದಾಗ ತಿನ್ನುತ್ತಿದ್ದ ಓಟ್ಸು, ಹುರುಳಿ ಮೊದಲಾದ ಧಾನ್ಯಗಳನ್ನು ಕೆಲಸವಿಲ್ಲದೆ ನಿಂತ ಕುದುರೆಗೂ ಅದೇ ಪ್ರಮಾಣದಲ್ಲಿ ಹಾಕುವುದೆಂದರೆ ಮೈಯಲ್ಲಿ ಮದವನ್ನು ತುಂಬಿದಂತೆಯೇ. ಧಾನ್ಯವನ್ನು ಆದಷ್ಟು ತಗ್ಗಿಸಿ, ಕುದುರೆಮಸಾಲೆ ಸೊಪ್ಪಿನಂಥ ಪುಷ್ಟಿಕರವಾದ ಮೇವನ್ನು ಮಿತಗೊಳಿಸಿ, ಒಣಹುಲ್ಲು ಮಾತ್ರ ಹಗಲಿರುಳೂ ಬಾಯಿಗೆ ಸಿಗುವಂತೆ ಮಾಡುವುದು ಲೇಸು. ಹುಲ್ಲನ್ನು ಒಂದೇ ಗೋದಲಿಯಲ್ಲಿ ತುಂಬದೆ, ಸಣ್ಣ ಕಣ್ಣಿನ ಬಲೆಚೀಲಗಳಲ್ಲಿ ಎರಡು ಮೂರು ಕಡೆ ತೂಗುಹಾಕಿದರೆ, ಎಳೆಯೆಳೆಯಾಗಿ ಬಿಡಿಸಿ ತಿನ್ನುವುದರಲ್ಲಿಯೇ ಕುದುರೆಯ ಹೊತ್ತು ಕಳೆಯುತ್ತದೆ, ಅದರ ಜಠರಕ್ಕೂ ಹಿತವಾಗುತ್ತದೆ.

ಎರಡನೆಯದು ಸಂಗಾತ. ಹಿಂಡಿನ ಪ್ರಾಣಿಗೆ ಏಕಾಂತವಾಸವೇ ಒಂದು ವ್ಯಾಧಿ. ಪಕ್ಕದ ಕೋಣೆಯಲ್ಲಿ ಮತ್ತೊಂದು ಕುದುರೆಯ ಮುಖ ಕಾಣುವಂತಿದ್ದರೆ ಎಷ್ಟೋ ಸಮಾಧಾನ. ಅದಿಲ್ಲದಲ್ಲಿ ಒಂದು ಆಡನ್ನೋ ಕತ್ತೆಯನ್ನೋ ಜೊತೆಗಿಡುವ ಪದ್ಧತಿ ಪಂದ್ಯದ ಲಾಯಗಳಲ್ಲಿ ಹಿಂದಿನಿಂದಲೂ ಉಂಟು. ಉದ್ವೇಗದ ಸ್ವಭಾವದ ಸೀಬಿಸ್ಕಿಟ್‌ಗೆ ಪಂಪ್‌ಕಿನ್ ಎಂಬ ಸಾಧುವಾದ ಕುದುರೆಯನ್ನು ಅದರ ತರಬೇತಿದಾರನಾದ ಟಾಮ್ ಸ್ಮಿತ್ ಒಡನಾಡಿಯಾಗಿ ಇಟ್ಟಿದ್ದುದು ಪ್ರಸಿದ್ಧವಾಗಿಯೇ ಇದೆ.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದುದು, ಕೈಹಿಡಿದು ನಡೆಸುವುದು. ವೈದ್ಯರ ಅಪ್ಪಣೆಯಾದ ಬಳಿಕ ದಿನಕ್ಕೆರಡು ಸಲ ಐದೈದು, ಇಲ್ಲವೆ ಹತ್ತು ಹತ್ತು ನಿಮಿಷಗಳ ನಡಿಗೆಯಿಂದ ತೊಡಗಿ, ವಾರಕ್ಕೆ ಐದು ನಿಮಿಷಗಳಂತೆ ಏರಿಸುತ್ತಾ ಹೋಗುವುದು ವಾಡಿಕೆ. ಸಮತಲವಾದ, ಗಟ್ಟಿಯಾದ, ಜಾರದ ನೆಲದ ಮೇಲೆ ಆದಷ್ಟು ನೇರವಾಗಿ ನಡೆಸಬೇಕು. ತಿರುಗಿಸುವಾಗ ವಿಶಾಲವಾಗಿ ತಿರುಗಿಸಬೇಕು. ಉದ್ದನೆಯ ಹಗ್ಗ ಕಟ್ಟಿ ವೃತ್ತಾಕಾರವಾಗಿ ಓಡಿಸುವುದು ಮಾಯುತ್ತಿರುವ ಕಾಲನ್ನು ಒಂದೇ ಮಗ್ಗುಲಿಗೆ ತಿರುಚುವುದರಿಂದ ಅದು ಸರ್ವಥಾ ಕೂಡದು. ನಡೆಸುವವನು ತಲೆಗೆ ಹೆಲ್ಮೆಟ್ಟು, ಕೈಗೆ ಕೈಗವಸು ಧರಿಸಿರಬೇಕು, ಹಗ್ಗವನ್ನು ಎಂದಿಗೂ ಅಂಗೈಗೆ ಸುತ್ತಿಕೊಂಡಿರಬಾರದು. ಎಷ್ಟು ಸಾಧುವಾದ ಕುದುರೆಯಾದರೂ ಲಾಯದಿಂದ ಹೊರಬಂದಾಗ ಹಕ್ಕಿಯೊಂದು ಹಾರಿದ ಸದ್ದಿಗೇ ಚಿಮ್ಮುವುದು ಅಸಂಭವವೇನಲ್ಲ. ಟ್ರಾಟ್ ಎಂದು ಸವಾರರು ಹೇಳುವ ನಿಧಾನದ ಓಟವು ಈ ನಡಿಗೆಯು ತಿಂಗಳುಗಳ ಕಾಲ ಸುಗಮವಾಗಿ ಸಾಗಿದ ಮೇಲಿನ ಮಾತು. ಬಯಲಿನಲ್ಲಿ ಕುದುರೆಯು ತನ್ನಿಚ್ಛೆಯಿಂದ ಓಡುವುದು ಅನಿವಾರ್ಯವಾದುದರಿಂದ, ಅನೇಕ ಪಶುವೈದ್ಯರು ರಜ್ಜುವಿನ ಗಾಯವಾದ ಕುದುರೆಯನ್ನು ಸವಾರಿಯಲ್ಲಿ ಅಂಥ ಓಟಕ್ಕೆ ಪಳಗಿಸಿದ ಬಳಿಕವೇ ಬಯಲಿಗೆ ಬಿಡಲು ಒಪ್ಪುತ್ತಾರೆ. ಹೇಗೂ ಮಾಡಲಿರುವ ಕೆಲಸಕ್ಕೆ ಕಾಲನ್ನು ಮೊದಲೇ ಅಣಿಗೊಳಿಸುವುದು ಇದರ ತಾತ್ಪರ್ಯ.

ಇದೇ ಅವಧಿಯಲ್ಲಿ ಕುದುರೆಯನ್ನು ಹಗ್ಗ ಹಿಡಿದು ಹಸಿರುಹುಲ್ಲಿನ ಮೇಲೆ ದಿನವೂ ಸ್ವಲ್ಪ ಹೊತ್ತು ಮೇಯಿಸುವುದು ಎರಡು ವಿಧದಿಂದ ಉಪಯುಕ್ತ. ಒಣಹುಲ್ಲಿಗೆ ಒಗ್ಗಿದ ಕರುಳು ಹಸಿರಿಗೆ ಮೆಲ್ಲನೆ ಹೊಂದಿಕೊಳ್ಳುತ್ತದೆ; ಬಯಲೆಂದರೆ ತಲೆ ತಗ್ಗಿಸಿ ಮೇಯುವ ಸ್ಥಳವೆಂಬ ಭಾವನೆಯೂ ಕುದುರೆಯಲ್ಲಿ ಬೇರೂರುತ್ತದೆ. ಲಾಯದಿಂದ ಒಮ್ಮೆಗೇ ಸೊಂಪಾದ ಹುಲ್ಲುಗಾವಲಿಗೆ ಬಿಟ್ಟರೆ, ಎಳೆಯ ಹುಲ್ಲಿನಲ್ಲಿ ಹೇರಳವಾಗಿರುವ ಸಕ್ಕರೆಯ ಅಂಶದಿಂದ ಹೊಟ್ಟೆಶೂಲೆ ಬರಬಹುದು. ಅದಕ್ಕಿಂತಲೂ ಭಯಂಕರವಾದ ಲ್ಯಾಮಿನೈಟಿಸ್, ಅಂದರೆ ಗೊರಸನ್ನು ಒಳಮೂಳೆಗೆ ಬಿಗಿದಿರುವ ಪದರದ ಉರಿಯೂತವೂ ತಲೆದೋರಬಹುದು. ಹರಿದ ರಜ್ಜುವನ್ನು ಉಳಿಸಹೋಗಿ ಗೊರಸನ್ನೇ ಕಳೆದುಕೊಂಡಂತಾದೀತು.

ಬಾಗಿಲು ತೆರೆಯುವ ದಿನ

ಮೊದಲ ದಿನದ ಬಯಲು ಬಯಲೇ ಆಗಿರಬಾರದು. ಲಾಯದ ಕೋಣೆಗಿಂತ ಎರಡರಷ್ಟೋ ಮೂರರಷ್ಟೋ ದೊಡ್ಡದಾದ, ನಡೆದಾಡಲು ಸಾಲುವ ಆದರೆ ಓಟಕ್ಕೆ ಎಡೆಕೊಡದ ಪುಟ್ಟ ಆವರಣವೊಂದು ಸಾಕು. ಅದರ ಬೇಲಿಯು ಎತ್ತರವಾಗಿಯೂ, ಭದ್ರವಾಗಿಯೂ, ಕುದುರೆಯ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತೆಯೂ ಇರಬೇಕು. ಮುಳ್ಳುತಂತಿಯಂತೂ ಹತ್ತಿರ ಸುಳಿಯಕೂಡದು. ನೆಲದಲ್ಲಿ ಕಲ್ಲು, ಗುಳಿ, ಕೆಸರು ಇರಬಾರದು. ನಮ್ಮ ಕಡೆಯ ಕೆಮ್ಮಣ್ಣು ಮಳೆಗಾಲದಲ್ಲಿ ಎಣ್ಣೆ ಸವರಿದಂತೆ ಜಾರುವುದೆಂಬುದು ಎಲ್ಲರಿಗೂ ಗೊತ್ತಿದ್ದುದೇ. ಅಂಥ ದಿನಗಳಲ್ಲಿ ಇನ್ನೊಂದು ವಾರ ತಡೆಯುವುದೇ ವಿವೇಕ. ಗಾಳಿ ಬೀಸುವ, ಚಳಿ ಕಚ್ಚುವ ಮುಂಜಾವು, ಪಟಾಕಿ ಸಿಡಿಯುವ ಹಬ್ಬದ ದಿನ, ಪಕ್ಕದಲ್ಲಿ ಯಂತ್ರಗಳು ಗರ್ಜಿಸುವ ಹೊತ್ತು, ಇವುಗಳನ್ನೆಲ್ಲ ವರ್ಜಿಸಿ, ಗಾಳಿಯ ಅಬ್ಬರವಿಲ್ಲದ, ಹಿತವಾದ ಬಿಸಿಲಿನ ಹೊತ್ತನ್ನು ಆರಿಸಿಕೊಳ್ಳಬೇಕು.

ಅಂದಿನ ದಿನಚರಿಗೂ ಒಂದು ಕ್ರಮವುಂಟು. ಬೆಳಗ್ಗೆ ಎಂದಿನಂತೆ ನಡೆಸಿ, ಮೈಯ ಬಿಗಿಯನ್ನು ಸಡಿಲಿಸಿ, ಕಾಲುಗಳಿಗೆ ರಕ್ಷಾಕವಚಗಳನ್ನು ಕಟ್ಟಬೇಕು. ಬೇಲಿಯಾಚೆ, ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿ, ವಯಸ್ಸಾದ ಸಾಧುವಾದ ಕುದುರೆಯೊಂದನ್ನು ಮೊದಲೇ ಮೇಯಲು ಬಿಟ್ಟಿರಬೇಕು. ಆವರಣದೊಳಗೆ ಎರಡು ಮೂರು ಕಡೆ ಹುಲ್ಲಿನ ರಾಶಿಗಳನ್ನು ಇಟ್ಟಿರಬೇಕು. ಕುದುರೆಯು ಉದ್ವೇಗಶೀಲವಾದುದಾದರೆ, ಎಸಿಪ್ರೊಮಝೀನ್ ಮೊದಲಾದ ಶಮನೌಷಧವನ್ನು ಪಶುವೈದ್ಯರೇ ಗೊತ್ತುಮಾಡಿ ಕೊಡುತ್ತಾರೆ. ಅಂಥ ಔಷಧವು ಕುದುರೆಯು ಶಾಂತವಾಗಿರುವಾಗಲೇ ಒಳಸೇರಿ, ಕೆಲಸ ಮಾಡಲು ಅರ್ಧ ಗಂಟೆಯಾದರೂ ಅವಕಾಶವಿರಬೇಕು. ರಕ್ತವು ಬಿಸಿಯೇರಿದ ಮೇಲೆ ಕೊಟ್ಟರೆ ಅದರ ಪ್ರಭಾವವು ಸಾಲದು. ಪ್ರಮಾಣವು ಮೀರಿದರೆ ಕುದುರೆಯು ತಡವರಿಸಿ ಮುಗ್ಗರಿಸುವ ಅಪಾಯವುಂಟು. ಗಂಡುಕುದುರೆಗಳ ವಿಷಯದಲ್ಲಿ ಈ ಔಷಧಕ್ಕೆ ವಿಶೇಷವಾದ ಎಚ್ಚರಿಕೆಯೂ ಇದೆ. ಆದಕಾರಣ ನೆರೆಯವರ ಮಾತು ಕೇಳಿ ಮನೆಮಟ್ಟಿಗೆ ಔಷಧ ಹಾಕುವ ಸಾಹಸವು ಸಲ್ಲದು.

ಬಿಡುವ ಗಳಿಗೆಯಲ್ಲಿ ಸೈಸನು ಮಾಡಬೇಕಾದುದೇನೆಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಕುದುರೆಯನ್ನು ಒಳಕ್ಕೆ ನಡೆಸಿಕೊಂಡು ಬಂದ ಮೇಲೆ, ಮುಂದಕ್ಕೆ ಹೋಗಗೊಡದೆ, ಮೆಲ್ಲನೆ ತಿರುಗಿಸಿ ಅದರ ಮುಖವು ಬಾಗಿಲ ಕಡೆಗಿರುವಂತೆ ನಿಲ್ಲಿಸಬೇಕು. ತಾನು ಬಾಗಿಲಿಗೆ ಬೆನ್ನುಕೊಟ್ಟು, ಹೊರಗೆ ಹೋಗಲು ಒಂದೇ ಹೆಜ್ಜೆ ಸಾಕಾಗುವಷ್ಟು ಹತ್ತಿರದಲ್ಲಿ ನಿಂತಿರಬೇಕು. ಕುದುರೆಯ ಕತ್ತನ್ನು ಸವರಿ, ಅದರ ಉಸಿರು ನಿಧಾನವಾಗಿ, ತಲೆಯು ತಗ್ಗುವವರೆಗೆ ಕಾಯಬೇಕು. ಬಳಿಕ ಹಗ್ಗದ ಕೊಂಡಿಯನ್ನು ಸದ್ದಿಲ್ಲದೆ ಕಳಚಿ, ತಾನೇ ಮೊದಲು ಹಿಂದಕ್ಕೆ ಸರಿದು ಬಾಗಿಲನ್ನು ಮುಚ್ಚಿಕೊಳ್ಳಬೇಕು. ಹೀಗೆ ಮಾಡಿದಾಗ ಕುದುರೆಯು ಓಡಬೇಕಾದರೂ ಮೊದಲು ಹಿಂದಿರುಗಲೇಬೇಕು. ಅಷ್ಟರಲ್ಲಿ ಮನುಷ್ಯನು ಅದರ ಹಿಂಗಾಲಿನ ಅಳವಿನಿಂದ ಪಾರಾಗಿರುತ್ತಾನೆ. ಬೆನ್ನು ತಟ್ಟಿ, ಹೋಗೆಂದು ಕೂಗಿ ಓಡಿಸುವ ಅಭ್ಯಾಸವು ಕೆಲವರಲ್ಲುಂಟು. ಅದು ಪ್ರೀತಿಯಿಂದ ಮಾಡಿದ್ದಾದರೂ ಇಂಥ ಕುದುರೆಯ ಪಾಲಿಗೆ ಘಾತಕವಾಗುತ್ತದೆ. ಮೊದಲ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಗಳು ಸಾಕು. ಅದು ಶಾಂತವಾಗಿ ಮೇಯುತ್ತಿರುವಾಗಲೇ ಹಿಡಿದು ತರಬೇಕೇ ಹೊರತು, ಬೇಸತ್ತು ಬೇಲಿಯ ಉದ್ದಕ್ಕೂ ಎಡತಾಕತೊಡಗುವವರೆಗೆ ಕಾಯಬಾರದು.

ಆಮೇಲಿನ ವಾರಗಳು

ಒಂದು ದಿನವು ಸುಸೂತ್ರವಾಗಿ ಕಳೆಯಿತೆಂದು ಮೈಮರೆಯುವಂತಿಲ್ಲ. ಅಂದಿನ ಸಂಜೆಯೂ ಮರುದಿನದ ಬೆಳಗ್ಗೆಯೂ ಕಾಲನ್ನು ಪರೀಕ್ಷಿಸುವುದು ಕಡ್ಡಾಯ. ಕುದುರೆಯ ಪಕ್ಕದಲ್ಲಿ ಬಾಗಿ, ಮೊಣಕಾಲಿನ ಹಿಂಬದಿಯಿಂದ ಕೆಳಕ್ಕೆ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ರಜ್ಜುವನ್ನು ಹಿಡಿದು ನಿಧಾನವಾಗಿ ಸವರುತ್ತಾ ಬರಬೇಕು. ಎಲ್ಲಾದರೂ ಬೆರಳಿಗೆ ಉಬ್ಬು ತಗಲುವುದೇ, ಒತ್ತಿದೆಡೆಯಲ್ಲಿ ಕುದುರೆಯು ಕಾಲನ್ನು ಎಳೆದುಕೊಳ್ಳುವುದೇ, ಅಂಗೈಗೆ ಬಿಸಿ ತಾಕುವುದೇ ಎಂದು ನೋಡಬೇಕು. ಆಮೇಲೆ ಗಾಯವಾಗದ ಕಾಲನ್ನೂ ಹಾಗೆಯೇ ಸವರಿ, ಎರಡಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸಬೇಕು. ದಿನವೂ ಇದನ್ನು ಮಾಡುವ ಸೈಸನ ಬೆರಳುಗಳಿಗೆ ಬರುವ ಅರಿವನ್ನು ಯಾವ ಯಂತ್ರವೂ ಸುಲಭವಾಗಿ ಸರಿಗಟ್ಟಲಾರದು. ಅದರೊಡನೆ ಬಯಲಿನಲ್ಲಿ ಬಿಟ್ಟ ನಿಮಿಷಗಳು, ನೆಲದ ಸ್ಥಿತಿ, ಕುದುರೆಯ ನಡವಳಿಕೆ, ಕಾಲಿನ ಬಿಸಿ ಮತ್ತು ಬಾವು, ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸಲ ವೈದ್ಯರು ಬಂದಾಗ ಊಹೆಯ ಬದಲಿಗೆ ಆಧಾರವು ಅವರ ಕೈಗೆ ಸಿಗುತ್ತದೆ. ಹೊಸ ಬಾವೋ ಬಿಸಿಯೋ ಕಂಡುಬಂದಲ್ಲಿ ಒಂದು ಮೆಟ್ಟಿಲು ಕೆಳಗಿಳಿದು, ಬಯಲನ್ನು ನಿಲ್ಲಿಸಿ, ವೈದ್ಯರನ್ನು ಕರೆಸಬೇಕು.

ಎಲ್ಲವೂ ನೆಟ್ಟಗಿದ್ದರೆ ಮೊದಲು ಕಾಲಾವಧಿಯನ್ನು, ಅನಂತರ ಆವರಣದ ವಿಸ್ತಾರವನ್ನು, ಕೊಟ್ಟಕೊನೆಗೆ ಸಂಗಾತಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಕ್ರಮ. ಇವುಗಳಲ್ಲಿ ಎರಡನ್ನು ಒಂದೇ ದಿನ ಬದಲಾಯಿಸಕೂಡದು. ತೊಂದರೆಯುಂಟಾದಾಗ ಅದಕ್ಕೆ ಕಾರಣ ಯಾವುದೆಂದು ತಿಳಿಯಬೇಕಾದರೆ ಇದೊಂದೇ ದಾರಿ. ಮತ್ತೆ ಹಿಂಡಿಗೆ ಸೇರಿಸುವ ಘಟ್ಟದಲ್ಲಿ ವಿಶೇಷವಾದ ಜಾಗರೂಕತೆ ಬೇಕು. ತಿಂಗಳುಗಟ್ಟಲೆ ಕಾಣೆಯಾಗಿದ್ದ ಕುದುರೆಯನ್ನು ಹಿಂಡು ಹೊಸಬನಂತೆಯೇ ಎದುರುಗೊಂಡು, ಅಟ್ಟಿ, ಕಚ್ಚಿ, ಒದ್ದು, ಅದರ ಸ್ಥಾನವನ್ನು ಮತ್ತೊಮ್ಮೆ ಗೊತ್ತುಮಾಡುತ್ತದೆ. ಬೇಲಿಯ ಈಚೆ ಆಚೆ ಕೆಲವು ದಿನಗಳ ಪರಿಚಯ, ಅನಂತರ ಒಂದೇ ಒಂದು ಸಾಧು ಕುದುರೆಯ ಜೊತೆ, ಅದೂ ಹಿಂಗಾಲಿನ ಲಾಳಗಳನ್ನು ತೆಗೆಸಿದ ಮೇಲೆ, ಎಂಬ ನಿಯಮವನ್ನು ಪಾಲಿಸಿದರೆ ಬಹುಪಾಲು ಅನಾಹುತಗಳು ತಪ್ಪುತ್ತವೆ. ಮನೆಗೆ ಕರೆತರುವಾಗಲೂ ಸಂಗಾತಿಯನ್ನು ಮೊದಲು ಒಯ್ದು ಈ ಕುದುರೆಯನ್ನು ಒಂಟಿಯಾಗಿ ಉಳಿಸಬಾರದು. ಒಂಟಿಯಾದೆನೆಂಬ ಭೀತಿಯಿಂದ ಅದು ಆ ಒಂದು ನಿಮಿಷದಲ್ಲಿ ಓಡುವಷ್ಟು ವಾರದಲ್ಲೆಲ್ಲ ಓಡಿರುವುದಿಲ್ಲ.

ನಮ್ಮ ಲಾಯಗಳಲ್ಲಿ ಆಗಬೇಕಾದುದು

ಅಶ್ವಶುಶ್ರೂಷೆಯು ಈ ನೆಲಕ್ಕೆ ಹೊಸತಲ್ಲ. ಅಶ್ವವೈದ್ಯಕ್ಕೆ ಮೂಲಪುರುಷನೆಂದು ಶಾಲಿಹೋತ್ರನನ್ನು ಪರಂಪರೆಯು ಸ್ಮರಿಸುತ್ತದೆ. ವಿರಾಟನ ನಗರದಲ್ಲಿ ಅಜ್ಞಾತವಾಸವನ್ನು ಕಳೆದ ನಕುಲನು ಲಾಯದ ಊಳಿಗವನ್ನೇ ಕೈಕೊಂಡನೆಂದು ಭಾರತದ ಕಥೆ ಹೇಳುತ್ತದೆ. ಕನ್ನಡದಲ್ಲಿಯೂ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥವನ್ನು ರಚಿಸಿದ್ದಾನೆ. ಟಿಪ್ಪು ಸುಲ್ತಾನನ ಕಾಲದಿಂದಲೂ ಅಶ್ವಪಾಲನೆಗೆ ಹೆಸರಾದ ಕುಣಿಗಲಿನಲ್ಲಿ ತಾಯಿಕುದುರೆಗಳು ಮರಿಗಳೊಡನೆ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಬೆಳೆದುವು. ಮೈಸೂರಿನ ಅಶ್ವಾರೋಹಿ ಪೊಲೀಸರ ಕುದುರೆಗಳು ದಸರಾ ಮೆರವಣಿಗೆಯಲ್ಲಿ ಹೆಜ್ಜೆ ಹಾಕುವುದನ್ನು ನಾಡಿನ ಜನರೆಲ್ಲ ಕಂಡು ಹಿಗ್ಗಿದ್ದಾರೆ. ಬೆಂಗಳೂರು ಮೈಸೂರುಗಳ ಪಂದ್ಯದ ಲಾಯಗಳಲ್ಲಿಯೂ ಸವಾರಿಶಾಲೆಗಳಲ್ಲಿಯೂ ಇಂದಿಗೂ ಕುದುರೆಗಳಿವೆ, ಅವುಗಳನ್ನು ಮಕ್ಕಳಂತೆ ನೋಡಿಕೊಳ್ಳುವ ಸೈಸರಿದ್ದಾರೆ.

ಆದರೆ ಬೆಳೆಯುತ್ತಿರುವ ನಗರಗಳಲ್ಲಿ ಬಯಲು ದುರ್ಲಭವಾಗಿದೆ. ಕುದುರೆಗೆ ಲಾಯದ ಕೋಣೆ ಅಥವಾ ಓಟದ ಹಾದಿ ಇವೆರಡೇ ಗತಿ. ಇವೆರಡರ ನಡುವಣ ಮೆಟ್ಟಿಲುಗಳಿಗೆ ಸ್ಥಳವೇ ಇಲ್ಲದಿರುವುದು ಅನೇಕ ಕಡೆಗಳ ಸ್ಥಿತಿ. ಮೆಟ್ಟಿಲುಗಳಿಲ್ಲದ ಕಡೆ ಒಡೆಯನ ತಾಳ್ಮೆಗೂ ಸೈಸನ ಜಾಣ್ಮೆಗೂ ಮಾಡಲು ಕೆಲಸವೇ ಇರುವುದಿಲ್ಲ. ಆದುದರಿಂದ ಕುದುರೆಗಳನ್ನು ಸಾಕುವ ಪ್ರತಿಯೊಂದು ಸಂಸ್ಥೆಯೂ ಕಡೆಯಪಕ್ಷ ಒಂದು ಪುಟ್ಟ ಆವರಣವನ್ನು, ಸಾಧ್ಯವಾದರೆ ಅದಕ್ಕೆ ಹೊಂದಿಕೊಂಡಂತೆ ಮತ್ತೊಂದನ್ನು, ಚೇತರಿಸಿಕೊಳ್ಳುವ ಕುದುರೆಗಳಿಗೆಂದೇ ಮೀಸಲಿಡುವುದು ನ್ಯಾಯ. ನಾಲ್ಕು ಗೂಟಗಳನ್ನು ನೆಟ್ಟು, ಅಡ್ಡಪಟ್ಟಿಗಳನ್ನು ಹೊಡೆದು, ಮರಳು ಹಾಸುವುದಕ್ಕೆ ಆಗುವ ವೆಚ್ಚವು ಒಂದು ಕುದುರೆಯ ಒಂದೇ ಒಂದು ಮರುಗಾಯಕ್ಕೆ ಆಗುವ ವೆಚ್ಚದ ಮುಂದೆ ಅತ್ಯಲ್ಪ. ಪ್ರತಿ ಲಾಯದಲ್ಲಿಯೂ ಕಾಲಿನ ಪರೀಕ್ಷೆಯ ಪುಸ್ತಕವೊಂದಿರಲಿ. ಅದನ್ನು ಬರೆಯಲು ಸೈಸನಿಗೆ ಕಲಿಸಿಕೊಡಲಿ. ಅವನು ಇಂದು ಬೇಡವೆಂದ ದಿನ ಕುದುರೆಯನ್ನು ಹೊರಗೆ ಬಿಡದಿರುವಷ್ಟು ಗೌರವವು ಅವನ ಮಾತಿಗೆ ಸಲ್ಲಲಿ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರ ವ್ಯವಹಾರವನ್ನು ಕುರಿತೇ ಇದ್ದರೂ, ತನಗೆ ಗಾಯವಾಗಿದ್ದುದನ್ನೂ ಅರಿಯದ ಮೂಕಪ್ರಾಣಿಯ ಹೊಣೆಯನ್ನು ಹೊತ್ತವನಿಗೆ ಅದು ಇಮ್ಮಡಿಯಾಗಿ ಅನ್ವಯಿಸುತ್ತದೆ. ಕುದುರೆಗೆ ಇಲ್ಲದ ತಾಳ್ಮೆಯನ್ನು ಅದರ ಪರವಾಗಿ ತಾಳುವುದೇ ಅದನ್ನು ಸಾಕುವವನ ಧರ್ಮ.